ಆರ್‌ವಿಯ 30 ಆಂಪ್ ಪ್ಲಗ್ ಸುಟ್ಟು ಕಪ್ಪಾಗಿದೆ, ಬ್ರೇಕರ್ ಮಾತ್ರ ಟ್ರಿಪ್ ಆಗಲೇ ಇಲ್ಲ. ಏಕೆ?

ಗಾಲಿಮನೆ (ಆಸ್ಟಿನ್, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಮ್ಮ ಆರ್‌ವಿ (ಗಾಲಿಗಳ ಮೇಲಿನ ಮನೆ) ಬೇರೊಬ್ಬರು ಬಳಸಿ ಮಾರಿದ 26 ಅಡಿಯ ಟ್ರಾವೆಲ್ ಟ್ರೇಲರ್, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವಂಥದ್ದು, 30 ಆಂಪ್ ಸಂಪರ್ಕದ್ದು. ಈಚೆಗೆ ಕೊಲ್ಲಿಯ ತೀರದ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ತಂಗಿದ್ದೆವು. ಹೊರಗೆ 38 ಡಿಗ್ರಿ ಸೆಲ್ಸಿಯಸ್ ಬಿಸಿಲು, ಬೆಳಗಿನಿಂದ ಎಸಿ ನಿಂತಿರಲಿಲ್ಲ. ಸಂಜೆ ಬಾಗಿಲ ಬಳಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೊರಗೆ ಹೋಗಿ ನೋಡಿದರೆ ನಮ್ಮ ಜಾಗಕ್ಕೆ ಕರೆಂಟ್ ಕೊಡುವ ಗಿಡ್ಡ ವಿದ್ಯುತ್ ಕಂಬದ ಪೆಟ್ಟಿಗೆಯಲ್ಲಿ ನಮ್ಮ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಬ್ರೇಕರ್ ಆರಿಸಿ, ತಣಿದ ಮೇಲೆ ಎಳೆದಾಗ ಎರಡು ಓರೆ ಪಿನ್‌ಗಳಲ್ಲಿ ಒಂದು ಕಪ್ಪಾಗಿತ್ತು, ಅದರ ಬುಡದ ರಬ್ಬರ್ ಕರಗಿತ್ತು. ಸಾಕೆಟಿನ ಒಂದು ಸೀಳು ಕಂದು ಬಣ್ಣಕ್ಕೆ ತಿರುಗಿತ್ತು.

ಕ್ಯಾಂಪ್‌ಗ್ರೌಂಡಿನವರು ನಿಮ್ಮ ಪ್ಲಗ್ಗೇ ಕೆಟ್ಟದ್ದು ಎಂದರು. ಪಕ್ಕದ ಟ್ರೇಲರಿನ ಹಿರಿಯರು ಅವರ ಸಾಕೆಟ್ಟೇ ಸವೆದಿದೆ ಎಂದರು. ನನಗೆ ಅರ್ಥವಾಗದ್ದು ಒಂದೇ. ಇಷ್ಟೆಲ್ಲ ಸುಟ್ಟರೂ ಕಂಬದ ಬ್ರೇಕರ್ ಟ್ರಿಪ್ ಆಗಲಿಲ್ಲ, ಒಳಗಿನ ಬ್ರೇಕರ್ ಕೂಡ ಆಗಲಿಲ್ಲ. ಸರ್ಜ್ ಪ್ರೊಟೆಕ್ಟರ್ ಹಸಿರು ದೀಪ ತೋರಿಸುತ್ತಲೇ ಇತ್ತು. ಮುಂದಿನ ತಿಂಗಳು ಮಕ್ಕಳನ್ನೂ ನನ್ನ ತಂದೆ ತಾಯಿಯನ್ನೂ ಕರೆದುಕೊಂಡು ಯೂಟಾದ ಜಿಯಾನ್ ಕಡೆಗೆ ಹೊರಡಬೇಕು. ಪ್ಲಗ್ ಒಂದನ್ನು ಬದಲಾಯಿಸಿದರೆ ಸಾಕೆ, ಬೇರೆ ಏನಾದರೂ ನೋಡಬೇಕೆ?

ತಾಮ್ರತಂತಿ (ಫೀನಿಕ್ಸ್, ಅರಿಜೋನಾ)

ಗಾಲಿಮನೆಯವರೇ, ಮೊದಲು ಬ್ರೇಕರಿನ ವಿಷಯ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಮೋಸಹೋಗುವುದು ಅಲ್ಲಿಯೇ.

ಬ್ರೇಕರ್ ಅಳೆಯುವುದು ತನ್ನ ಮೂಲಕ ಹರಿಯುವ ಕರೆಂಟನ್ನು ಮಾತ್ರ. ಎರಡು ಅಡಿ ಕೆಳಗೆ ಪ್ಲಗ್ಗಿನ ಪಿನ್ ಎಷ್ಟು ಬಿಸಿಯಾಗಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಪಿನ್ ಮತ್ತು ಸಾಕೆಟಿನ ಹಿಡಿತ ಸಡಿಲವಾದರೆ ಕರೆಂಟ್ ಹೆಚ್ಚುವುದಿಲ್ಲ. ಆ ಒಂದು ಜಾಗದ ರೋಧ ಹೆಚ್ಚುತ್ತದೆ. ಅಲ್ಲಿ ಹುಟ್ಟುವ ಶಾಖವೆಂದರೆ ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಒಳ್ಳೆಯ ಜೋಡಣೆಯ ರೋಧ ಒಂದು ಓಮ್‌ನ ಸಾವಿರದಲ್ಲೊಂದು ಭಾಗ ಎಂದಿಟ್ಟುಕೊಳ್ಳಿ. 25 ಆಂಪ್ ಹರಿದರೆ ಶಾಖ ಒಂದು ವ್ಯಾಟ್ ಕೂಡ ಆಗುವುದಿಲ್ಲ. ಅದೇ ಜೋಡಣೆ ಸವೆದು, ಮಸಿ ಹಿಡಿದು ರೋಧ 0.1 ಓಮ್‌ಗೆ ಏರಿದರೆ 62 ವ್ಯಾಟ್. ರಬ್ಬರಿನೊಳಗೆ ಒಂದು ಬೆಸುಗೆ ಕಡ್ಡಿಯನ್ನು ಉರಿಸಿಟ್ಟ ಹಾಗೆ. ಬ್ರೇಕರಿಗೆ ಮಾತ್ರ ಅದೇ 25 ಆಂಪ್ ಕಾಣುತ್ತಿರುತ್ತದೆ, ಅದು ಸುಮ್ಮನೆ ಕುಳಿತಿರುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಈ ಅಪಾಯವನ್ನು ನೋಡುವ ಕೆಲಸ ಅದಕ್ಕೆ ಕೊಟ್ಟದ್ದಲ್ಲ, ಅಷ್ಟೆ.

ಇನ್ನೊಂದು ವಿಷಯ. ಬಿಸಿಯಾದ ಲೋಹದ ಮೇಲ್ಮೈ ಆಕ್ಸೈಡ್ ಆಗುತ್ತದೆ, ಆಕ್ಸೈಡ್‌ನಿಂದ ರೋಧ ಏರುತ್ತದೆ, ರೋಧದಿಂದ ಮತ್ತೆ ಬಿಸಿ. ಜೊತೆಗೆ ಸಾಕೆಟಿನ ಒಳಗೆ ಪಿನ್ನನ್ನು ಕಚ್ಚಿ ಹಿಡಿಯುವ ಸ್ಪ್ರಿಂಗ್ ಪಟ್ಟಿ ಒಮ್ಮೆ ಚೆನ್ನಾಗಿ ಕಾದರೆ ತನ್ನ ಬಿಗುವನ್ನೇ ಕಳೆದುಕೊಳ್ಳುತ್ತದೆ, ತಣಿದ ಮೇಲೂ ಅದು ಮರಳಿ ಬರುವುದಿಲ್ಲ. ಆದ್ದರಿಂದ ನಿಮ್ಮ ಪ್ಲಗ್ ಕೆಟ್ಟದ್ದೋ ಅವರ ಸಾಕೆಟ್ ಕೆಟ್ಟದ್ದೋ ಎಂಬ ಜಗಳಕ್ಕೆ ಕೊನೆಯಿಲ್ಲ. ಸುಟ್ಟ ಸಾಕೆಟ್ ಒಳ್ಳೆಯ ಪ್ಲಗ್ಗನ್ನು ಸುಡುತ್ತದೆ, ಆ ಪ್ಲಗ್ ಮುಂದಿನ ಊರಿನ ಒಳ್ಳೆಯ ಸಾಕೆಟನ್ನು ಸುಡುತ್ತದೆ. ಮೊದಲು ಯಾರು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ, ಈಗ ಎರಡೂ ಹೋಗಿವೆ.

ನಿಮ್ಮ ಟ್ರೇಲರಿನಲ್ಲಿ ಆ ಹೊತ್ತು ಏನೇನು ಓಡುತ್ತಿತ್ತು ಎಂದು ತಿಳಿಸಿ. ಲೆಕ್ಕ ಹಾಕೋಣ.

ಗಾಲಿಮನೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದಗಳು ಸರ್. 13,500 ಬಿಟಿಯು ಎಸಿ, ಫ್ರಿಜ್ ವಿದ್ಯುತ್ತಿನ ಮೇಲೆಯೇ, ವಾಟರ್ ಹೀಟರ್ ಕೂಡ ವಿದ್ಯುತ್ತಿನ ಮೇಲೆ. ಸಂಜೆ ಅನ್ನ, ಸಾರು ಆಗಬೇಕಿತ್ತಲ್ಲ, ಇಂಡಕ್ಷನ್ ಒಲೆಯನ್ನು ಸ್ವಲ್ಪ ಹೊತ್ತು ಹಚ್ಚಿದ್ದೆವು, ಆಗ ಮಾತ್ರ ಹೀಟರ್ ಆರಿಸಿದ್ದೆವು.

ತಾಮ್ರತಂತಿ

ಸರಿ. ಇಲ್ಲಿನ 30 ಆಂಪ್ ಆರ್‌ವಿ ಪ್ಲಗ್, ಅಂದರೆ ಟಿಟಿ-30, 120 ವೋಲ್ಟಿನದು. ಒಟ್ಟು 3,600 ವ್ಯಾಟ್. ಅಷ್ಟೇ ನಮ್ಮ ಆಸ್ತಿ. ಬಿಸಿಲಿನಲ್ಲಿ ನಿಮ್ಮ ಎಸಿ ಸುಮಾರು 13 ಆಂಪ್ ಎಳೆಯುತ್ತದೆ. ಫ್ರಿಜ್ 3. ಬ್ಯಾಟರಿ ತುಂಬಿಸುವ ಕನ್ವರ್ಟರ್ 5 ಎಂದುಕೊಳ್ಳಿ. ಇಲ್ಲಿಗೇ 21. ವಾಟರ್ ಹೀಟರಿನ 1,440 ವ್ಯಾಟ್ ಎಲಿಮೆಂಟ್ 12 ಆಂಪ್ ತೆಗೆದುಕೊಳ್ಳುತ್ತದೆ, 33 ಆಯಿತು. ಹೀಟರ್ ಬದಲು 1,800 ವ್ಯಾಟಿನ ಇಂಡಕ್ಷನ್ ಪೂರ್ಣ ಉರಿಯಲ್ಲಿದ್ದರೆ 15 ಆಂಪ್, ಆಗ 36.

33 ಆಂಪ್ ಆದರೆ 30ರ ಬ್ರೇಕರ್ ತಕ್ಷಣ ಬೀಳಬೇಕಲ್ಲವೇ ಎಂದು ಕೇಳಬಹುದು. ಇಲ್ಲ. ಈ ಬ್ರೇಕರ್‌ಗಳ ಮಾನದಂಡದಲ್ಲಿ ಶೇ 135ರಷ್ಟು ಹೊರೆ ಇದ್ದಾಗ, ಅಂದರೆ ಸುಮಾರು 40 ಆಂಪ್‌ಗೆ, ಒಂದು ಗಂಟೆಯೊಳಗೆ ಬಿದ್ದರೆ ಸಾಕು. ಹತ್ತು ಶೇಕಡಾ ಹೆಚ್ಚಾದರೆ ಅದು ಬಹಳ ಹೊತ್ತು ಸಹಿಸಿಕೊಳ್ಳುತ್ತದೆ. ಅಷ್ಟು ಹೊತ್ತೂ ಪ್ಲಗ್ ಬೇಯುತ್ತಿರುತ್ತದೆ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ (ಇಲ್ಲಿ ಎಲ್ಲರೂ ಎನ್‌ಇಸಿ ಎನ್ನುತ್ತಾರೆ, ಅದರ 551ನೆಯ ಪ್ರಕರಣ ಆರ್‌ವಿಗಳಿಗೇ ಮೀಸಲು) ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಎಡೆಬಿಡದೆ ಇರುವ ಹೊರೆಯನ್ನು ನಿರಂತರ ಹೊರೆ ಎಂದು ಎಣಿಸುತ್ತಾರೆ. ಅದಕ್ಕೆ ಸಾಮರ್ಥ್ಯದ ಶೇ 80 ಮಾತ್ರ ಬಳಸುವ ಲೆಕ್ಕ. 30ಕ್ಕೆ 24. ವೈರಿಂಗ್ ವಿನ್ಯಾಸ ಮಾಡುವವರಿಗಾಗಿ ಬರೆದ ನಿಯಮವಾದರೂ ಬಳಸುವ ನಮಗೂ ಅದೇ ಗೆರೆ. ಬೇಸಿಗೆಯಲ್ಲಿ ಎಸಿ ಇಡೀ ದಿನ ಓಡುವಾಗ 24 ದಾಟಬೇಡಿ. ಗ್ಯಾಸ್ ಸಿಲಿಂಡರ್ ಇದೆಯಲ್ಲ, ಹೀಟರನ್ನೂ ಫ್ರಿಜ್ಜನ್ನೂ ಅದರ ಮೇಲೆ ಓಡಿಸಿ. ಒಂದು ಎಚ್ಚರಿಕೆ: ಫ್ರಿಜ್ಜನ್ನು ‘ಆಟೋ’ದಲ್ಲಿಟ್ಟರೆ ಕಂಬದ ಕರೆಂಟ್ ಸಿಕ್ಕ ಕೂಡಲೇ ಅದು ತಾನಾಗಿ ವಿದ್ಯುತ್ತಿಗೇ ಹೊರಳುತ್ತದೆ.

ಜೋಗದಬೆಳಕು (ಶಿವಮೊಗ್ಗ)

ನಾನು ಆರ್‌ವಿ ಓಡಿಸಿದವನಲ್ಲ, ಆದರೆ ವಿದ್ಯುತ್ ಕೆಲಸದಲ್ಲೇ ತಲೆ ನೆರೆದವನು. ಊರಿನಲ್ಲಿ ಗೀಸರಿನ 16 ಆಂಪ್ ಪ್ಲಗ್ ಸುಟ್ಟುಹೋಗುವುದನ್ನು ಎಲ್ಲರೂ ನೋಡಿರುತ್ತೀರಿ. 2,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 9 ಆಂಪ್‌ಗಿಂತ ಕಡಿಮೆ. ಅಷ್ಟಕ್ಕೇ ಸಡಿಲ ಸಾಕೆಟ್ ಸುಡುತ್ತದೆ. ನಿಮ್ಮಲ್ಲಿ ವೋಲ್ಟೇಜ್ ಅರ್ಧ, ಆದ್ದರಿಂದ ಅದೇ ಕೆಲಸಕ್ಕೆ ಕರೆಂಟ್ ಎರಡು ಪಟ್ಟು. ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಅದೇ ಸಡಿಲಿಕೆಗೆ ನಿಮ್ಮ ಪ್ಲಗ್ಗಿನಲ್ಲಿ ನಾಲ್ಕು ಪಟ್ಟು ಬಿಸಿ ಹುಟ್ಟುತ್ತದೆ. ಭಾರತದಿಂದ ಹೋದವರು ಇದನ್ನು ಮನಸ್ಸಿನಲ್ಲಿಡಬೇಕು. ಊರಿನಲ್ಲಿ ನಡೆದುಹೋಗುತ್ತಿದ್ದ ಸಣ್ಣ ಅಲಕ್ಷ್ಯ ಅಲ್ಲಿ ನಡೆಯುವುದಿಲ್ಲ.

ಹೊಸಹಾದಿ (ಡೆನ್ವರ್, ಕೊಲರಾಡೊ)

ಎಲ್ಲರೂ ಪ್ಲಗ್ ಎಸೆಯಿರಿ ಎನ್ನುತ್ತಿದ್ದೀರಿ. ನಾನು ಕಪ್ಪಾದ ಪಿನ್ನುಗಳನ್ನು ಮರಳುಕಾಗದದಿಂದ ಉಜ್ಜಿ, ಗ್ರೀಸ್ ಹಚ್ಚಿ ಬಳಸುತ್ತಾ ಬಂದಿದ್ದೇನೆ, ತೊಂದರೆಯಾಗಿಲ್ಲ. ಹಾಗೆ ಮಾಡಬಾರದೇಕೆ?

ತಾಮ್ರತಂತಿ

ಹೊಸಹಾದಿಯವರೇ, ಯಾವ ಕಪ್ಪು ಎಂಬುದರ ಮೇಲೆ ಹೋಗುತ್ತದೆ. ಹಿತ್ತಾಳೆ ಗಾಳಿಗೆ ಮಂಕಾಗಿದ್ದರೆ ಪಾತ್ರೆ ಉಜ್ಜುವ ಹಸಿರು ನಾರಿನಿಂದ ನಯವಾಗಿ ಉಜ್ಜಿ, ವಿದ್ಯುತ್ ಸಂಪರ್ಕಗಳಿಗೆಂದೇ ಇರುವ ಕ್ಲೀನರ್ ಸಿಂಪಡಿಸಿ ಒರೆಸಿದರೆ ಸಾಕು. ಅದನ್ನು ವರ್ಷಕ್ಕೊಂದೆರಡು ಬಾರಿ ಮಾಡುವುದು ಒಳ್ಳೆಯದೇ. ಆದರೆ ಪಿನ್ನಿನ ಮೇಲೆ ಗುಳಿ ಬಿದ್ದಿದ್ದರೆ, ಬಣ್ಣ ನೀಲಿಗಟ್ಟಿದ್ದರೆ, ಬುಡದ ರಬ್ಬರ್ ಉಬ್ಬಿದ್ದರೆ ಅದು ಮುಗಿಯಿತು. ಮರಳುಕಾಗದ ಹಾಕಿದರೆ ಮೇಲಿನ ಲೇಪ ಹೋಗಿ ಗೀರುಗಳು ಉಳಿಯುತ್ತವೆ, ಪಿನ್ ಸ್ವಲ್ಪ ತೆಳ್ಳಗಾಗುತ್ತದೆ, ಸಾಕೆಟಿನ ಹಿಡಿತ ಇನ್ನಷ್ಟು ಸಡಿಲ. ಅದಕ್ಕಿಂತ ಮುಖ್ಯವಾಗಿ, ಒಳಗೆ ವೈರು ಸ್ಕ್ರೂಗೆ ಸೇರುವ ಜಾಗ ಬೆಂದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಅಚ್ಚು ಹಾಕಿದ ಪ್ಲಗ್ಗಿನಲ್ಲಂತೂ ಬಿಚ್ಚಿ ನೋಡಲೂ ಆಗದು.

ಗ್ರೀಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಡೈಎಲೆಕ್ಟ್ರಿಕ್ ಗ್ರೀಸ್ ವಿದ್ಯುತ್ ಹರಿಸುವ ವಸ್ತುವಲ್ಲ, ತಡೆಯುವ ವಸ್ತು. ಬಿಗಿಯಾದ ಜೋಡಣೆಯಲ್ಲಿ ಲೋಹ ಲೋಹಕ್ಕೆ ತಾಗುವಲ್ಲಿ ಅದು ಪಕ್ಕಕ್ಕೆ ಸರಿದು, ಸುತ್ತಲೂ ತೇವ ಬಾರದಂತೆ ಕಾಯುತ್ತದೆ. ತೆಳುವಾಗಿ ಹಚ್ಚಿದರೆ ಉಪ್ಪುಗಾಳಿಯ ಊರಿನಲ್ಲಿ ಉಪಯೋಗವಿದೆ. ಸಡಿಲವಾದ ಜೋಡಣೆಗೆ ಅದು ಮದ್ದಲ್ಲ, ಧೂಳು ಹಿಡಿಯುವ ಅಂಟು.

ಕಡಲತೀರ (ಟ್ಯಾಂಪಾ, ಫ್ಲೋರಿಡಾ)

ಉಪ್ಪುಗಾಳಿಯ ಊರಿನವಳು ನಾನು, ಆದ್ದರಿಂದ ಬರೆಯಲೇಬೇಕು. ಎಲ್ಲರೂ ಕಂಬದ ಕಡೆಯ ತುದಿಯನ್ನೇ ನೋಡುತ್ತಿದ್ದೀರಿ. ಗಾಲಿಮನೆಯವರೇ, ನಿಮ್ಮ ಕೇಬಲ್ ಟ್ರೇಲರಿನಿಂದ ಬಿಚ್ಚಿ ತೆಗೆಯುವಂಥದ್ದಾದರೆ ಆ ತುದಿಯ ತಿರುಪಿ ಕೂರಿಸುವ ಕನೆಕ್ಟರನ್ನೂ ಬಿಚ್ಚಿ ನೋಡಿ. ಸಾಮಾನ್ಯವಾಗಿ ಅದು ಎಲ್5-30 ಮಾದರಿಯದು, ಬಾಗಿದ ತೆಳು ಪಿನ್ನುಗಳು. ತಿರುಗಿಸಿ ಕೂರಿಸಿದ ಮೇಲೆ ಹೊರಗಿನ ಉಂಗುರವನ್ನು ಬಿಗಿಯದಿದ್ದರೆ ಕೇಬಲಿನ ಭಾರಕ್ಕೆ ಜೋಡಣೆ ಓರೆಯಾಗುತ್ತದೆ, ಗಾಳಿ ಬೀಸಿದಾಗಲೆಲ್ಲ ಅಲುಗುತ್ತದೆ. ನಮ್ಮ ಕಡೆಯ ದೋಣಿಯವರು ಇದೇ ಕಾಟ ಅನುಭವಿಸಿ, ಪಿನ್ನುಗಳ ಸಂಪರ್ಕ ಹೆಚ್ಚು ಅಗಲವಾಗಿರುವ ‘ಸ್ಮಾರ್ಟ್‌ಪ್ಲಗ್’ ಎಂಬ ಬೇರೆ ವಿನ್ಯಾಸಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಆರ್‌ವಿಗಳಿಗೂ ಅದು ಸಿಗುತ್ತದೆ.

ನಮ್ಮದು 50 ಆಂಪ್ ಮೋಟರ್‌ಹೋಮ್. 50 ಆಂಪ್ ಇರುವವರು ಪ್ಲಗ್ ಸುಡುವುದನ್ನು ಇನ್ನೂ ಗಂಭೀರವಾಗಿ ಎಣಿಸಬೇಕು. ಅದರ ಪ್ಲಗ್ಗಿನಲ್ಲಿ, ಅಂದರೆ ನೆಮಾ 14-50 ಮಾದರಿಯಲ್ಲಿ, ನಾಲ್ಕು ಪಿನ್‌ಗಳು: ಎರಡು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥ್. ಎರಡು ಫೇಸ್‌ಗಳ ನಡುವೆ 240 ವೋಲ್ಟ್, ಪ್ರತಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 120. ಒಟ್ಟು 12,000 ವ್ಯಾಟ್, 30 ಆಂಪಿನವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಈಗ ನ್ಯೂಟ್ರಲ್ ಪಿನ್ ಸುಟ್ಟು ಸಂಪರ್ಕ ಕಡಿದರೆ ಏನಾಗುತ್ತದೆ ನೋಡಿ. ಎರಡೂ ಬದಿಯ ಉಪಕರಣಗಳು ಒಂದರ ಹಿಂದೆ ಒಂದು ಸೇರಿ 240 ವೋಲ್ಟನ್ನು ಹಂಚಿಕೊಳ್ಳುತ್ತವೆ, ಅದೂ ಸಮನಾಗಿ ಅಲ್ಲ. ಒಂದು ಬದಿಗೆ 60, ಇನ್ನೊಂದು ಬದಿಗೆ 180 ಬಂದರೂ ಬರಬಹುದು. ಟಿವಿ, ಮೈಕ್ರೋವೇವ್, ಕನ್ವರ್ಟರ್ ಎಲ್ಲ ನಿಮಿಷಗಳಲ್ಲಿ ಹೋಗುತ್ತವೆ. ಪರಿಚಯದ ಒಂದು ಕುಟುಂಬಕ್ಕೆ ಹೀಗೆಯೇ ಆಯಿತು. ಪಿನ್ನಿನ ಮೇಲಿದ್ದ ಕಂದು ಕಲೆಯನ್ನು ಅವರು ನೋಡಿದ್ದರು, ಅದು ಕೊಳೆ ಎಂದೇ ತಿಳಿದಿದ್ದರು.

ಬೇಸಿಗೆಪಯಣ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ನಮ್ಮಂಥವರ ಪರವಾಗಿ ಒಂದು ಪ್ರಶ್ನೆ. ನಮ್ಮದು ಸ್ವಂತ ಗಾಡಿಯಲ್ಲ. ಬೇಸಿಗೆ ರಜೆಯಲ್ಲಿ ಮೂರು ಕನ್ನಡ ಕುಟುಂಬಗಳು ಸೇರಿ ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡು ಹೋಗುತ್ತೇವೆ. ಕೊಡುವಾಗ ಕೊಳವೆ ಹೇಗೆ ಜೋಡಿಸುವುದು, ಶೌಚದ ಟ್ಯಾಂಕ್ ಹೇಗೆ ಖಾಲಿ ಮಾಡುವುದು ಎಂದು ತೋರಿಸುತ್ತಾರೆ, ಪ್ಲಗ್ಗಿನ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಮಿಕ್ಸಿ, ಪ್ರೆಶರ್ ಕುಕ್ಕರ್, ಇಂಡಕ್ಷನ್ ಎಲ್ಲ ನಮ್ಮ ಜೊತೆ ಬರುತ್ತವೆ. ಪ್ಲಗ್ ಬದಲಾಯಿಸುವ ಹಕ್ಕು ನಮಗಿಲ್ಲ. ಏನು ಮಾಡಬಹುದು?

ಕಡಲತೀರ

ಅಕ್ಕಾ, ಬಹಳ ಒಳ್ಳೆಯ ಪ್ರಶ್ನೆ. ಗಾಡಿ ಕೈಗೆ ಬಂದಾಗಲೇ ಕೇಬಲಿನ ಎರಡೂ ತುದಿಗಳ ಫೋಟೊ ತೆಗೆದುಕೊಳ್ಳಿ. ಕಪ್ಪು, ಕರಗಿದ ಗುರುತು ಇದ್ದರೆ ಅಲ್ಲೇ ಬೇರೆ ಕೇಬಲ್ ಕೇಳಿ. ‘ಎಲ್ಲವೂ ಹೀಗೇ ಇರುತ್ತವೆ’ ಎಂದರೆ ಒಪ್ಪಬೇಡಿ. ಕ್ಯಾಂಪ್‌ಗ್ರೌಂಡಿಗೆ ಬಂದ ಮೇಲೆ ಗಾಡಿಯನ್ನು ಸಮತಟ್ಟು ಮಾಡುವುದಕ್ಕೂ ಮೊದಲು ಕಂಬದ ಪೆಟ್ಟಿಗೆಯ ಮುಚ್ಚಳ ಎತ್ತಿ ಸಾಕೆಟ್ ನೋಡಿ. ಬಣ್ಣ ಬದಲಾಗಿದ್ದರೆ, ಬಿರುಕಿದ್ದರೆ, ಸುಟ್ಟ ವಾಸನೆ ಇದ್ದರೆ ಕಚೇರಿಗೆ ಹೋಗಿ ಬೇರೆ ಜಾಗ ಕೇಳಿ. ಜಾಕ್ ಇಳಿಸಿ, ಚಾಪೆ ಹಾಸಿ, ಕುರ್ಚಿ ಜೋಡಿಸಿದ ಮೇಲೆ ಯಾರಿಗೂ ಜಾಗ ಬದಲಾಯಿಸುವ ಮನಸ್ಸು ಬರುವುದಿಲ್ಲ, ಅದಕ್ಕೇ ಮೊದಲು ಎಂದೆ.

ಬ್ರೇಕರ್ ಆರಿಸಿದ ಮೇಲೆಯೇ ಪ್ಲಗ್ ಹಾಕಿ. ಹಾಕುವಾಗ ಕೈಗೆ ಬಿಗಿ ತಿಳಿಯಬೇಕು. ಸಲೀಸಾಗಿ ಜಾರಿ ಒಳಹೋದರೆ, ಅಥವಾ ಕೇಬಲಿನ ಭಾರಕ್ಕೇ ಕೆಳಗೆ ವಾಲಿದರೆ ಆ ಸಾಕೆಟ್ ಸವೆದಿದೆ ಎಂದೇ ಅರ್ಥ. ಪೂರ್ತಿ ಒಳಕ್ಕೆ ಒತ್ತಿದ ಮೇಲೆ ಬ್ರೇಕರ್ ಹಾಕಿ. ಹೊರಡುವಾಗ ಮೊದಲು ಒಳಗಿನ ಎಸಿ, ಹೀಟರ್, ಆಮೇಲೆ ಬ್ರೇಕರ್, ಕೊನೆಗೆ ಪ್ಲಗ್. ಎಸಿ ಓಡುತ್ತಿರುವಾಗಲೇ ಪ್ಲಗ್ ಕೀಳುವವರನ್ನು ದಿನವೂ ನೋಡುತ್ತೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಪ್ರತಿ ಬಾರಿ ಒಂದು ಕಿಡಿ, ಪ್ರತಿ ಕಿಡಿಗೆ ಪಿನ್ನಿನ ಮೇಲೊಂದು ಗುಳಿ. ಕಂಬದ ಸಾಕೆಟ್ ಹಾಗೆಯೇ ಹಾಳಾಗುವುದು. ಅದನ್ನು ಅನುಭವಿಸುವವರು ಮುಂದಿನ ವಾರ ಬರುವ ಇನ್ನೊಂದು ಕುಟುಂಬ.

ಎಸಿ ಅರ್ಧ ಗಂಟೆ ಓಡಿದ ಮೇಲೆ ಒಮ್ಮೆ ಹೊರಗೆ ಹೋಗಿ ಪ್ಲಗ್ಗಿನ ರಬ್ಬರನ್ನು ಮುಂಗೈಯಿಂದ ಮುಟ್ಟಿ ನೋಡಿ. ಎರಡೂ ತುದಿಗಳನ್ನು. ಉಗುರುಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲಾಗದಿದ್ದರೆ ಹೊರೆ ಇಳಿಸಿ, ಬ್ರೇಕರ್ ಆರಿಸಿ. ಬಿಸಿಯಾಗಿರುವ ಪ್ಲಗ್ಗನ್ನು ಕರೆಂಟ್ ಇರುವಾಗ ಕೀಳಲು ಹೋಗಬೇಡಿ. ಮಕ್ಕಳನ್ನು ಆ ಕಂಬದ ಬಳಿ ಆಡಲು ಬಿಡಬೇಡಿ.

ಬೇಸಿಗೆಪಯಣ

ಇದನ್ನು ಬರೆದಿಟ್ಟುಕೊಂಡೆ. ಅಡುಗೆಗೆ ಇಂಡಕ್ಷನ್ ಬದಲು ಗಾಡಿಯಲ್ಲೇ ಇರುವ ಗ್ಯಾಸ್ ಒಲೆಯನ್ನೇ ಹಚ್ಚುತ್ತೇವೆ. ಕಿಟಕಿ ತೆರೆದು, ಮೇಲಿನ ಫ್ಯಾನ್ ಹಾಕಿಕೊಂಡೇ.

ಹೊಸಹಾದಿ

ತಾಮ್ರತಂತಿಯವರ ಉತ್ತರ ಓದಿದೆ. ಒಳಗಿನ ಸ್ಕ್ರೂ ಬಗ್ಗೆ ಹೇಳಿದ್ದು ನಾನು ಯೋಚಿಸಿರದ ವಿಷಯ. ಆದರೆ ಸರ್ಜ್ ಪ್ರೊಟೆಕ್ಟರಿಗೆ ಇಷ್ಟು ದುಡ್ಡು ಸುರಿದ ಮೇಲೂ ಅದು ಏಕೆ ಎಚ್ಚರಿಸುವುದಿಲ್ಲ? ಗಾಲಿಮನೆಯವರೂ ಅದನ್ನೇ ಕೇಳಿದ್ದರು.

ತಾಮ್ರತಂತಿ

ಬರೀ ಸರ್ಜ್ ಪ್ರೊಟೆಕ್ಟರ್ ಆದರೆ ಮಿಂಚಿನಂಥ ಕ್ಷಣಿಕ ಏರಿಕೆಯನ್ನು ಹೀರುತ್ತದೆ, ವೈರಿಂಗ್ ಅದಲುಬದಲಾಗಿದ್ದರೆ ದೀಪದಲ್ಲಿ ತೋರಿಸುತ್ತದೆ. ಇಎಂಎಸ್ ಎಂದು ಮಾರುವ ದೊಡ್ಡ ಮಾದರಿಗಳು ವೋಲ್ಟೇಜನ್ನು ಕಾಯುತ್ತಾ ಇರುತ್ತವೆ. ಸಾಮಾನ್ಯವಾಗಿ 104 ವೋಲ್ಟಿಗಿಂತ ಇಳಿದರೆ ಅಥವಾ 132ಕ್ಕಿಂತ ಏರಿದರೆ ಸಂಪರ್ಕ ಕಡಿಯುತ್ತವೆ, 50 ಆಂಪಿನಲ್ಲಿ ನ್ಯೂಟ್ರಲ್ ಹೋದರೂ ಕಾಪಾಡುತ್ತವೆ. ಕಡಲತೀರ ಅವರು ಹೇಳಿದ ಆ ಕುಟುಂಬದ ಬಳಿ ಅದು ಇದ್ದಿದ್ದರೆ ಸಾಮಾನುಗಳು ಉಳಿಯುತ್ತಿದ್ದವು. ಆದರೆ ಪ್ಲಗ್ ಬಿಸಿಯಾಗಿದೆ ಎಂದು ತಿಳಿಯಲು ಒಳಗೆ ತಾಪ ಅಳೆಯುವ ವ್ಯವಸ್ಥೆಯೇ ಬೇಕು. ಕೆಲವು ಮಾದರಿಗಳಲ್ಲಿ ಅದಿದೆ, ಎಲ್ಲದರಲ್ಲೂ ಇಲ್ಲ. ಕೊಳ್ಳುವಾಗ ಕೇಳಿ ಕೊಳ್ಳಿ.

ಕಡಿಮೆ ವೋಲ್ಟೇಜಿನ ಬಗ್ಗೆಯೂ ಹೇಳಬೇಕು. ಕ್ಯಾಂಪ್‌ಗ್ರೌಂಡಿನ ಸಾಲಿನ ಕೊನೆಯಲ್ಲಿ, ಮಧ್ಯಾಹ್ನದ ಮೇಲೆ ಎಲ್ಲರ ಎಸಿ ಓಡುವಾಗ, ವೋಲ್ಟೇಜ್ ಇಳಿಯುತ್ತದೆ. ಹೀಟರಿನ ಎಲಿಮೆಂಟ್ ಆಗ ಕಡಿಮೆ ಕರೆಂಟ್ ಎಳೆಯುತ್ತದೆ, ಎಸಿಯ ಕಂಪ್ರೆಸರ್ ಹೆಚ್ಚು ಎಳೆಯುತ್ತದೆ. ಪ್ಲಗ್ಗಿಗೂ ಕಂಪ್ರೆಸರಿಗೂ ಒಟ್ಟಿಗೇ ಹೊಡೆತ.

ನನಗೆ ಬಹಳ ಇಷ್ಟವಾದ ಒಂದು ಪರೀಕ್ಷೆ ಇದೆ, ದುಬಾರಿ ಉಪಕರಣ ಬೇಡ. ಸಾಕೆಟಿಗೆ ಚುಚ್ಚುವ ಚಿಕ್ಕ ವೋಲ್ಟ್‌ಮೀಟರ್ ಸಾಕು. ಎಸಿ ಮತ್ತು ಹೀಟರ್ ಎರಡನ್ನೂ ಹಾಕಿ, ಐದು ನಿಮಿಷದೊಳಗೆ ಎರಡು ಅಳತೆ ತೆಗೆಯಿರಿ: ಒಂದು ಕಂಬದ ಪೆಟ್ಟಿಗೆಯಲ್ಲೇ ಇರುವ 20 ಆಂಪಿನ ಸಾಮಾನ್ಯ ಸಾಕೆಟಿನಲ್ಲಿ, ಇನ್ನೊಂದು ಟ್ರೇಲರಿನ ಒಳಗೆ. 25 ಅಡಿಯ 10 ಗೇಜ್ (ಗೇಜ್ ಎಂದರೆ ವೈರಿನ ದಪ್ಪದ ಅಳತೆ, ಅಂಕಿ ಚಿಕ್ಕದಾದಷ್ಟೂ ವೈರು ದಪ್ಪ) ತಾಮ್ರದ ಕೇಬಲ್ ಹೋಗಿ ಬರುವ ದಾರಿಯಲ್ಲಿ ಸುಮಾರು 0.05 ಓಮ್. 25 ಆಂಪಿಗೆ ಒಂದೂಕಾಲು ವೋಲ್ಟ್ ಬೀಳಬೇಕು, ಒಳಗಿನ ವೈರಿಂಗ್ ಸೇರಿ ಎರಡು ಎನ್ನಿ. ನಾಲ್ಕೈದು ವೋಲ್ಟ್ ಬಿದ್ದರೆ ನಡುವೆ ಎಲ್ಲೋ ಒಂದು ಜೋಡಣೆ ಅದನ್ನು ತಿನ್ನುತ್ತಿದೆ. ಮೂರು ವೋಲ್ಟ್ ಗುಣಿಸು 25 ಆಂಪ್ ಎಂದರೆ 75 ವ್ಯಾಟ್, ಅದೂ ಯಾವುದೋ ಒಂದೇ ಬಿಂದುವಿನಲ್ಲಿ. ವಾಸನೆ ಬರುವ ಬಹಳ ಮೊದಲೇ ಈ ಅಳತೆ ಸುಳಿವು ಕೊಡುತ್ತದೆ.

ಮಿಂಚುಗಾಡಿ (ಸಿಯಾಟಲ್, ವಾಷಿಂಗ್ಟನ್)

ಪಕ್ಕದ ವಿಷಯವಾದರೂ ಹೇಳುತ್ತೇನೆ. ಈಗ ವಿದ್ಯುತ್ ಕಾರಿನವರೂ ಆರ್‌ವಿ ಪಾರ್ಕಿಗೆ ಹೋಗಿ 14-50 ಸಾಕೆಟಿನಿಂದ ಚಾರ್ಜ್ ಮಾಡಿಕೊಳ್ಳುತ್ತಾರೆ. ಕಾರು 32ರಿಂದ 40 ಆಂಪನ್ನು ಗಂಟೆಗಟ್ಟಲೆ ಒಂದೇ ಸಮನೆ ಎಳೆಯುತ್ತದೆ. ಮನೆಯ ಗ್ಯಾರೇಜಿನಲ್ಲೂ ಅಗ್ಗದ 14-50 ಸಾಕೆಟ್‌ಗಳು ಹೀಗೆ ಕರಗಿವೆ. ಅದಕ್ಕೇ ಈಗ ಕಾರಿನವರು ಕೈಗಾರಿಕಾ ದರ್ಜೆಯ ಸಾಕೆಟನ್ನೇ ಹಾಕಿಸುತ್ತಾರೆ. ಆದ್ದರಿಂದ 50ರ ಸಾಕೆಟ್ ಹೆಚ್ಚು ಬಳಕೆಯಾಗಿರುವುದಿಲ್ಲ, ಗಟ್ಟಿಯಾಗಿರುತ್ತದೆ ಎಂಬ ಹಳೆಯ ನಂಬಿಕೆಯನ್ನು ಕಣ್ಣುಮುಚ್ಚಿ ಒಪ್ಪಬೇಡಿ.

ಹೊಸಹಾದಿ

ನಾನು ಮಾಡುವುದು ಅದನ್ನೇ. 30ರ ಸಾಕೆಟ್ ಸವೆದಿದ್ದರೆ ಅಡಾಪ್ಟರ್ ಹಾಕಿ 50ರ ಸಾಕೆಟಿಗೆ ಸಿಕ್ಕಿಸುತ್ತೇನೆ. ತಪ್ಪೇ?

ತಾಮ್ರತಂತಿ

ತಪ್ಪಲ್ಲ, ಬಹಳ ಜನ ಮಾಡುತ್ತಾರೆ. ಟ್ರೇಲರಿನ ಒಳಗೆ 30ರ ಮುಖ್ಯ ಬ್ರೇಕರ್ ಇರುವುದರಿಂದ ಹೊರೆ ಮಿತಿಯಲ್ಲೇ ಇರುತ್ತದೆ. ಆದರೆ ಕಂಬದಿಂದ ಟ್ರೇಲರಿನವರೆಗಿನ 10 ಗೇಜ್ ಕೇಬಲಿಗೆ ಏನಾದರೂ ಪೆಟ್ಟಾದರೆ ಅದರ ಹಿಂದೆ ಈಗ ಇರುವುದು 50ರ ಬ್ರೇಕರ್ ಎಂಬುದು ನೆನಪಿರಲಿ. ಅಡಾಪ್ಟರ್ ಎಂದರೆ ಇನ್ನೊಂದು ಜೋಡಣೆ, ಅಂದರೆ ಸುಡಬಹುದಾದ ಇನ್ನೊಂದು ಜಾಗ. ಒಂದರ ಬಾಲಕ್ಕೆ ಇನ್ನೊಂದು ಎಂದು ಮೂರು ಅಡಾಪ್ಟರ್ ಪೋಣಿಸುವುದನ್ನು ನಾನು ಒಪ್ಪುವುದಿಲ್ಲ. ಕೇಬಲ್ ಉದ್ದ ಸಾಲದಿದ್ದರೆ 30 ಆಂಪಿಗೆ 10 ಗೇಜಿನ, 50ಕ್ಕೆ 6 ಗೇಜಿನ ಆರ್‌ವಿ ಎಕ್ಸ್‌ಟೆನ್ಶನ್ ಮಾತ್ರ. ಅಂಗಳದಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಬಳಸುವ ಕಿತ್ತಳೆ ಬಣ್ಣದ ವೈರಿನಲ್ಲಿ ಎಸಿ ಓಡಿಸಬೇಡಿ. ಉಳಿದ ಕೇಬಲನ್ನು ಬಿಗಿಯಾಗಿ ಸುರುಳಿ ಸುತ್ತಿ ಇಡಬೇಡಿ, ಒಳಗಿನ ಶಾಖ ಹೊರಗೆ ಹೋಗಲು ದಾರಿಯಿರುವುದಿಲ್ಲ. ನೆಲದ ಮೇಲೆ ಸಡಿಲವಾಗಿ ಹರಡಿ.

ಗಾಲಿಮನೆ

ಈ ಶನಿವಾರ ಎಲ್ಲವನ್ನೂ ಬಿಚ್ಚಿ ನೋಡಿದೆ. ನಮ್ಮ ಪ್ಲಗ್ ಅಚ್ಚು ಹಾಕಿದ್ದಲ್ಲ, ಹಿಂದಿನ ಮಾಲೀಕರು ಹಾಕಿಸಿದ್ದ ಬಿಚ್ಚುವ ಪ್ಲಗ್. ಕಪ್ಪಾಗಿದ್ದು ಫೇಸ್ ಪಿನ್. ಅದರ ಸ್ಕ್ರೂ ಬೆರಳಿನಲ್ಲೇ ತಿರುಗುವಷ್ಟು ಸಡಿಲವಿತ್ತು. ವೈರಿನ ಎಳೆಗಳ ತುದಿಗೆ ಸೀಸದ ಬೆಸುಗೆ ಹಾಕಿ ಸ್ಕ್ರೂ ಕೆಳಗೆ ಒತ್ತಿದ್ದರು. ಇನ್ನೊಂದು ತುದಿಯ ಕನೆಕ್ಟರಿನಲ್ಲೂ ನ್ಯೂಟ್ರಲ್ ಪಿನ್ನಿನ ಸುತ್ತ ಕಂದು ಬಣ್ಣ ಶುರುವಾಗಿದೆ. ಕಡಲತೀರ ಅವರು ಹೇಳದಿದ್ದರೆ ಆ ಕಡೆ ನೋಡುತ್ತಲೇ ಇರಲಿಲ್ಲ. ಬೆಸುಗೆ ಹಾಕುವುದು ಒಳ್ಳೆಯದಲ್ಲವೇ?

ಜೋಗದಬೆಳಕು

ಸ್ಕ್ರೂ ಕೆಳಗೆ ಒತ್ತುವ ಎಳೆ ವೈರಿಗೆ ಬೆಸುಗೆ ಬೇಡವೇ ಬೇಡ. ಬೆಸುಗೆಯ ಲೋಹ ಮೆತ್ತಗಿನದು, ಒತ್ತಡಕ್ಕೆ ದಿನ ಕಳೆದಂತೆ ನಿಧಾನವಾಗಿ ಹರಿದು ಜಾಗ ಬಿಡುತ್ತದೆ. ಬಿಸಿಯಾದರೆ ಇನ್ನೂ ಬೇಗ. ಬಿಗಿದ ಸ್ಕ್ರೂ ತಾನಾಗಿಯೇ ಸಡಿಲವಾದಂತೆ ಕಾಣುವುದು ಹೀಗೆ. ಎಳೆಗಳನ್ನು ಬರಿದಾಗಿಯೇ ಅಚ್ಚುಕಟ್ಟಾಗಿ ತಿರುಚಿ ಹಾಕಿ, ಇಲ್ಲವೇ ಒತ್ತಿ ಕೂರಿಸುವ ತಾಮ್ರದ ತೋಳು ಹಾಕಿ. ಸುಟ್ಟ ತುದಿಯಿಂದ ಹೊಳೆಯುವ ತಾಮ್ರ ಕಾಣುವವರೆಗೂ ಕೇಬಲನ್ನು ಕತ್ತರಿಸಿ ತೆಗೆಯಿರಿ. ಕಪ್ಪಾದ ತಾಮ್ರವನ್ನು ಹೊಸ ಪ್ಲಗ್ಗಿಗೆ ಸೇರಿಸಿದರೆ ಹಳೆಯ ರೋಗವೂ ಜೊತೆಗೆ ಬಂತು. ಕೇಬಲಿನ ಹೊರಕವಚವನ್ನು ಪ್ಲಗ್ಗಿನ ಹಿಡಿಕೆ ಕಚ್ಚಿ ಹಿಡಿಯಬೇಕು, ಎಳೆತ ಸ್ಕ್ರೂಗಳ ಮೇಲೆ ಬೀಳಬಾರದು.

ತಾಮ್ರತಂತಿ

ಹಿರಿಯರು ಹೇಳಿದ್ದು ಅಕ್ಷರಶಃ ಸರಿ. ಪೊಟ್ಟಣದ ಮೇಲೆ ಎಷ್ಟು ಬಿಗಿಯಬೇಕು ಎಂದು ಅಳತೆ ಕೊಟ್ಟಿರುತ್ತಾರೆ, ಟಾರ್ಕ್ ಸ್ಕ್ರೂಡ್ರೈವರ್ ಸಿಕ್ಕರೆ ಅದರಿಂದಲೇ ಬಿಗಿಯಿರಿ. ಕಪ್ಪು ವೈರು ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅರ್ಥ್. ಊರಿನ ಅಭ್ಯಾಸದಲ್ಲಿ ಕಪ್ಪು ಎಂದರೆ ನ್ಯೂಟ್ರಲ್ ಎಂದು ಕೈ ಹೋಗಿಬಿಡುತ್ತದೆ, ಎಚ್ಚರ. ಇನ್ನೊಂದು ತುದಿಯ ಕನೆಕ್ಟರನ್ನೂ, ಟ್ರೇಲರಿನ ಗೋಡೆಯಲ್ಲಿರುವ ಅದರ ಜೋಡಿಯನ್ನೂ ಒಟ್ಟಿಗೆ ಬದಲಾಯಿಸಿ. ಕಂದಾಗಿರುವುದು ಒಂದೇ ಎಂದು ಇನ್ನೊಂದನ್ನು ಉಳಿಸಬೇಡಿ.

ಆಮೇಲೆ, ಕೇಬಲ್ ಬಿಚ್ಚಿ, ಜನರೇಟರ್ ಇನ್ವರ್ಟರ್ ಯಾವುದೂ ಓಡದಂತೆ ಖಚಿತಪಡಿಸಿಕೊಂಡು, ಒಳಗಿನ ವಿತರಣಾ ಪೆಟ್ಟಿಗೆಯ ಸ್ಕ್ರೂಗಳನ್ನು ನೋಡಿಸಿ. ಗಾಡಿ ಹೆದ್ದಾರಿಯಲ್ಲಿ ಕುಲುಕುತ್ತಾ ಓಡುತ್ತದೆ, ಬಿಳಿ ವೈರುಗಳ ಪಟ್ಟಿಯ ಸ್ಕ್ರೂಗಳು ಸಡಿಲವಾಗುವುದು ಸಾಮಾನ್ಯ. ಮೋಟರ್‌ಹೋಮಿನವರು ಕಂಬದ ಕರೆಂಟಿಗೂ ಜನರೇಟರಿಗೂ ನಡುವೆ ಹೊರಳಿಸುವ ಟ್ರಾನ್ಸ್‌ಫರ್ ಸ್ವಿಚ್ಚನ್ನೂ ನೋಡಿಸಬೇಕು. ಹಾಸಿಗೆಯ ಕೆಳಗೋ ಕಪಾಟಿನ ಹಿಂದೋ ಇರುತ್ತದೆ, ಅಲ್ಲಿ ಬೆಂದದ್ದು ಯಾರಿಗೂ ಕಾಣುವುದಿಲ್ಲ. ವಿದ್ಯುತ್ ಕೆಲಸದಲ್ಲಿ ಕೈ ಪಳಗದವರು ಇದನ್ನು ಪರವಾನಗಿ ಇರುವ ತಂತ್ರಜ್ಞರಿಂದಲೇ ಮಾಡಿಸಿ. ಇದರಲ್ಲಿ ಸಂಕೋಚ ಬೇಡ.

ಗಾಲಿಮನೆ

ಮೂರನ್ನೂ ತರಿಸಿದ್ದೇನೆ. ಒಳಗಿನ ಪೆಟ್ಟಿಗೆಯನ್ನು ತಂತ್ರಜ್ಞರೊಬ್ಬರು ನೋಡಿದರು, ನ್ಯೂಟ್ರಲ್ ಪಟ್ಟಿಯಲ್ಲಿ ಎರಡು ಸ್ಕ್ರೂ ಸಡಿಲವಿದ್ದವಂತೆ. ಕೊನೆಯದಾಗಿ ಒಂದು. ಹೊರಡುವ ಮುನ್ನ ಮನೆಯ ಬಳಿಯೇ ಎಸಿ ಪರೀಕ್ಷಿಸಬೇಕು. ಗ್ಯಾರೇಜಿನ ಸಾಮಾನ್ಯ ಸಾಕೆಟಿಗೆ ಅಡಾಪ್ಟರ್ ಹಾಕಿ ಓಡಿಸಬಹುದೆ, ಇಲ್ಲ 30 ಆಂಪಿನ ಸಾಕೆಟ್ ಹಾಕಿಸಿಬಿಡಲೇ?

ತಾಮ್ರತಂತಿ

ಮನೆಯ 15 ಆಂಪ್ ಸಾಕೆಟಿಗೆ ನಿರಂತರ ಹೊರೆ 12ರ ಒಳಗಿರಬೇಕು. ನಿಮ್ಮ ಎಸಿ ಒಂದೇ ಅದನ್ನು ದಾಟುತ್ತದೆ. ಬ್ಯಾಟರಿ ತುಂಬಿಸಿ, ಫ್ರಿಜ್ ತಣಿಸಿಕೊಳ್ಳಲು ಬಳಸಿ, ಎಸಿಗೆ ಬೇಡ.

30ರ ಸಾಕೆಟ್ ಹಾಕಿಸುವುದಾದರೆ ಎಲೆಕ್ಟ್ರಿಷಿಯನ್ ಕೆಲಸ ಶುರುಮಾಡುವ ಮೊದಲೇ ‘ಟಿಟಿ-30, 120 ವೋಲ್ಟ್’ ಎಂದು ಕಾಗದದಲ್ಲಿ ಬರೆದು ಕೈಗೆ ಕೊಡಿ. 30 ಆಂಪ್ ಎಂದ ಕೂಡಲೇ ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಸಾಕೆಟ್ ಎಂದು ತಿಳಿದು ಎರಡು ಫೇಸ್ ಎಳೆದುಬಿಡುವವರು ಇದ್ದಾರೆ. ಹಾಗೆ ಆದ ಮನೆಗಳಲ್ಲಿ ಮೊದಲ ದಿನವೇ ಟ್ರೇಲರಿನ ಉಪಕರಣಗಳು ಹೋಗಿವೆ. ಕೆಲಸ ಮುಗಿದ ಮೇಲೆ ಅವರ ಎದುರಿನಲ್ಲೇ ಮೀಟರ್ ಇಟ್ಟು ಎರಡು ಓರೆ ಸೀಳುಗಳ ನಡುವೆ 120 ಇದೆಯೇ ಎಂದು ನೋಡಿ, ಆಮೇಲೆ ಕೇಬಲ್ ಸಿಕ್ಕಿಸಿ. ಎಸಿ ಅರ್ಧ ಗಂಟೆ ಓಡಿಸಿ ಎರಡೂ ತುದಿ ಮುಟ್ಟಿ ನೋಡಿ ಇಲ್ಲೇ ಬರೆಯಿರಿ.

ಗಾಲಿಮನೆ

ಹಾಗೆಯೇ ಮಾಡಿಸಿದೆ. ಮೀಟರಿನಲ್ಲಿ 121 ತೋರಿಸಿತು. ಎಸಿ, ಕನ್ವರ್ಟರ್ ಎರಡೂ ಓಡುತ್ತಿವೆ, ಫ್ರಿಜ್ ಗ್ಯಾಸಿನ ಮೇಲಿದೆ. ಸಾಕೆಟಿನ ಕಡೆಯ ಹೊಸ ಪ್ಲಗ್ ತಣ್ಣಗೇ ಇದೆ, ಟ್ರೇಲರಿನ ಕಡೆಯದು ಬಿಸಿಲಿಗೆ ಎದುರಾಗಿರುವುದರಿಂದ ಸ್ವಲ್ಪ ಬೆಚ್ಚಗಿದೆ. ನೆರಳು ಬಿದ್ದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡುತ್ತೇನೆ.